ಗೌರಿಯ ಕಂದು ಕರು

ಚಿಕ್ಕವೆಂಕಟಮ್ಮನವರಿಗೆ ಜ್ವರ ಬರುವುದಿಲ್ಲ. ಮೈ ಒಸಿ ಬೆಚ್ಚಗಾಗುತ್ತದೆ, ಅಷ್ಟೆ. ಬೂದಿಕೋಟೆಯ ಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಮಗನನ್ನು ಓದಿಸಿದ ಹೆಂಗಸು. ಫ್ಯಾಟ್ ಕಡಿಮೆ ಬಂದ ದಿನ ಅವರು ಡೇರಿಯವನನ್ನು ಬೈಯುವುದಿಲ್ಲ, ಯಂತ್ರವನ್ನು ಬೈಯುತ್ತಾರೆ. ಅದಕ್ಕೆ ತಮ್ಮ ಹಸು ಗೌರಿಯ ಮೇಲೆ ಹೊಟ್ಟೆಕಿಚ್ಚಂತೆ.

ಸೊಸೆ ಶ್ಯಾಮಲಾ ಇರುವುದು ಕೆಜಿಎಫ್‌ನಲ್ಲಿ. ಓದಿದ್ದೆಲ್ಲ ಬೆಂಗಳೂರಿನ ಇಂಗ್ಲಿಷ್ ಮೀಡಿಯಂ. ಗಂಡ ಸುಬ್ರಮಣಿ ಮಾರಿಕುಪ್ಪಂ ಟ್ರೈನು ಹತ್ತಿ ಹೋದ ಮೇಲೆ ಅವಳಿಗೆ ಉಳಿಯುವುದು ಮಗು ಮತ್ತು ಭಯ. ಮೊಮ್ಮಗನಿಗೆ ಚಿರಂಜೀವಿ ಎಂದು ಹೆಸರಿಟ್ಟವರು ಅತ್ತೆಯೇ. ಹೆಸರಿನ ಮೇಲೆ ಭಾರ ಹಾಕಿ ನೆಮ್ಮದಿಯಾಗಿ ಕೂರುವ ತಾಯಿಯಲ್ಲ ಶ್ಯಾಮಲಾ. ಮಗು ಸೀನಿದರೆ ಥರ್ಮಾಮೀಟರು, ಸೀನದಿದ್ದರೂ ಥರ್ಮಾಮೀಟರು. ಹಾಲನ್ನಂತೂ ತಳ ಹತ್ತುವವರೆಗೆ ಕಾಯಿಸುತ್ತಿದ್ದಳು. ನೊರೆಹಾಲು ಕುಡಿಯದ ಮಗುವಿಗೆ ಮೂಳೆ ಎಲ್ಲಿಂದ ಬರಬೇಕು ಎಂದು ಅತ್ತೆ ಪ್ರತಿ ಸಲವೂ ಕೊಂಕು ತೆಗೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಅತ್ತೆಯ ಫೋನು ಬಂತು.

"ಗೌರಿ ಕಂದಾಕ್ಬುಡ್ತು ಕಣಮ್ಮ. ಕಸಾನೂ ಬಿದ್ದಿರ್ಲಿಲ್ಲ, ನಾನೇ ಕೈಯಾಕಿ ತೆಗುದೆ."

ಶ್ಯಾಮಲಾ ತನಗೆ ಗೊತ್ತಿದ್ದ ಕನ್ನಡದಲ್ಲಿ ಲೆಕ್ಕ ಹಾಕಿದಳು. ಕರು ಹಾಕಿತು ಎಂದರೆ ಕರು. ಕಂದು ಹಾಕಿತು ಎಂದರೆ ಕಂದು ಬಣ್ಣದ್ದು. ಆಮೇಲೆ ಅತ್ತೆ ಕೊಟ್ಟಿಗೆಯ ಕಸ ತೆಗೆದಿದ್ದಾರೆ, ಪಾಪ, ಈ ವಯಸ್ಸಿನಲ್ಲಿ.

"ತುಂಬಾ ಸಂತೋಷ ಅತ್ತೆ," ಎಂದಳು. "ಗಿಣ್ಣು ಕಳಿಸ್ತೀರಾ?"

ಆ ಕಡೆ ಫೋನು ಕಟ್ಟಾಯಿತು. ಸೊಸೆಗೆ ಸಿಗ್ನಲ್ಲಿನ ಮೇಲೆ ಸಿಟ್ಟು ಬಂತು. ಅತ್ತೆಗೆ ಯಾರ ಮೇಲೆ ಬಂತೆಂದು ಊರಿಗೆಲ್ಲ ಗೊತ್ತಾಯಿತು, ಸೊಸೆಯೊಬ್ಬಳನ್ನು ಬಿಟ್ಟು.

ಕೆಲವು ವಾರ ಕಳೆಯುವಷ್ಟರಲ್ಲಿ ಅತ್ತೆಯ ಮೈ ಬೆಚ್ಚಗಾಗತೊಡಗಿತು. ಸಂಜೆಯಾದರೆ ಏರುವುದು, ಬೆಳಗಾದರೆ ಸೀರೆ ಒದ್ದೆಯಾಗುವಷ್ಟು ಬೆವೆತು ಇಳಿಯುವುದು, ಸೊಂಟ ನೋವು ಬೇರೆ. ಸುಬ್ರಮಣಿ ಬಲವಂತದಿಂದ ಕೆಜಿಎಫ್‌ಗೆ ಕರೆತಂದ. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರ್ ಕುಪ್ಪುಸ್ವಾಮಿ ತಮಿಳಿನಲ್ಲಿ ಯೋಚಿಸಿ, ಕನ್ನಡದಲ್ಲಿ ಶುರುಮಾಡಿ, ಇಂಗ್ಲಿಷಿನಲ್ಲಿ ಮುಗಿಸುವವರು. ಮನೆಯಲ್ಲಿ ಹಸುಗಳಿವೆಯೇ ಎಂದು ಕೇಳಿದರು. ಆಮೇಲೆ ಶ್ಯಾಮಲಾಳ ಕಡೆ ತಿರುಗಿ, "ಎನಿ ಅಬಾರ್ಷನ್, ರೀಸೆಂಟಾ?" ಎಂದರು.

ಆ ಒಂದು ಇಂಗ್ಲಿಷ್ ಪದ ಚಿಕ್ಕವೆಂಕಟಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸೆರಗು ಬಿಗಿದುಕೊಂಡು ಎದ್ದರು.

"ಮೊಮ್ಮಗನ್ನ ಎತ್ಕಂಡಿರೋಳ್ನ ಕೇಳೋ ಮಾತೇನಯ್ಯ ಇದು," ಎಂದು ಹೊರಟೇಹೋದರು.

ಒಳಗೆ ಶ್ಯಾಮಲಾ ನಾಚಿಕೆಯಿಂದ ಕ್ಷಮೆ ಕೇಳಿದಳು. ಹಸುಗಳಿಗೆ ಅಂಥದ್ದೇನೂ ಆಗಿಲ್ಲ ಡಾಕ್ಟರ್, ಈಚೆಗೆ ತಾನೇ ಗೌರಿ ಕಂದು ಬಣ್ಣದ ಕರು ಹಾಕಿದೆ ಎಂದು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ತಲೆಯಾಡಿಸಿ ಟೈಫಾಯ್ಡ್ ಇರಬಹುದೆಂದು ಮಾತ್ರೆ ಬರೆದರು. ಜ್ವರ ನಾಲ್ಕು ದಿನ ಮರ್ಯಾದೆಯಿಂದ ದೂರ ನಿಂತು, ಅತ್ತೆ ಊರಿಗೆ ಹೋದ ಮೇಲೆ ಹಿಂದೆಯೇ ಬಂತು.

ಆ ಭಾನುವಾರ ಶ್ಯಾಮಲಾ ಮಗುವನ್ನು ಎತ್ತಿಕೊಂಡು ಅತ್ತೆಯನ್ನು ನೋಡಲು ಹಳ್ಳಿಗೆ ಹೊರಟಳು. ಬಂಗಾರಪೇಟೆಯಲ್ಲಿ ಬಸ್ಸು ಬದಲಿಸುವಾಗ ಅತ್ತೆಯನ್ನು ಖುಷಿಪಡಿಸೋಣವೆಂದು ಕರುವಿಗೊಂದು ಗೆಜ್ಜೆಸರವನ್ನೂ ಕೊಂಡಳು. ಕೆಂಪು ದಾರ, ಹಿತ್ತಾಳೆ ಗೆಜ್ಜೆ. ಕಂದು ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ ಎಂದುಕೊಂಡಳು.

ಕೊಟ್ಟಿಗೆಯಲ್ಲಿ ಗೌರಿ ಇತ್ತು, ಲಕ್ಷ್ಮಿ ಇತ್ತು. ಶ್ಯಾಮಲಾ ಹುಲ್ಲಿನ ಮೆದೆಯ ಹಿಂದೆ ನೋಡಿದಳು, ಹುಣಸೆಮರದ ಕೆಳಗೆ ನೋಡಿದಳು. ಕೊನೆಗೆ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅತ್ತೆಯ ಮುಂದೆ ಗೆಜ್ಜೆ ಹಿಡಿದು, ಕರು ಎಲ್ಲಿ ಎಂದಳು.

ಪಕ್ಕದ ಮನೆಯ ಮುನಿಶಾಮಮ್ಮ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. ಅತ್ತೆ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಂದಾಕಿದ್ ಅಸೂಗೆ ಕರು ಎಲ್ಲಿಂದ ತರ್ಲಿ? ಅವತ್ತು ಸಂತೋಸ ಅಂದೆ, ಗಿಣ್ಣು ಕೇಳ್ದೆ, ಇವತ್ತು ಗೆಜ್ಜೆ ತಂದಿದ್ದೀಯ. ಆ ಅಸು ನಿಂಗೇನಮ್ಮ ಮಾಡಿತ್ತು?"

ಮುನಿಶಾಮಮ್ಮನೇ ಬಿಡಿಸಿ ಹೇಳಿದಳು. ಕಂದು ಹಾಕುವುದೆಂದರೆ ಬಣ್ಣವಲ್ಲ, ದಿನ ತುಂಬುವ ಮೊದಲೇ ಗರ್ಭ ಹೋಗುವುದು. ಕಸವೆಂದರೆ ಗುಡಿಸುವ ಕಸವಲ್ಲ, ಕರುವಿನ ಹಿಂದೆ ಬೀಳುವ ಮಾಸು. ಹೇಳುತ್ತ ಹೇಳುತ್ತ ಅವಳು ನಗು ತಡೆಯಲಾಗದೆ ಅವರೆಕಾಯಿ ಮೊರದ ಸಮೇತ ಒಳಗೆ ಹೋದಳು.

ಶ್ಯಾಮಲಾ ನಗಲಿಲ್ಲ. ಡಾಕ್ಟರು ಕೇಳಿದ್ದು ಹಸುವನ್ನು, ಅತ್ತೆ ತಿಳಿದದ್ದು ತಮ್ಮನ್ನು, ತಾನು ಹೇಳಿದ್ದು ಬಣ್ಣವನ್ನು. ಅಲ್ಲೇ ಕುಪ್ಪುಸ್ವಾಮಿಯವರಿಗೆ ಫೋನು ಮಾಡಿದಳು. ಅವರು ಮೂರು ಭಾಷೆಯಲ್ಲೂ ಒಂದೇ ರೋಗಾಣುವಿನ ಹೆಸರು ಹೇಳಿದರು: ಬ್ರುಸೆಲ್ಲಾ. ಕಂದು ಹಾಕಿದ ಹಸುವಿನ ಮಾಸು ಬರಿಗೈಯಲ್ಲಿ ಮುಟ್ಟಿದರೆ ಬರುತ್ತದೆ, ಕಾಯಿಸದ ಹಾಲು ಕುಡಿದರೂ ಬರುತ್ತದೆ. ನಾಳೆಯೇ ರಕ್ತ ಕೊಡಿಸಿ.

ಕಾಯಿಸದ ಹಾಲು. ಶ್ಯಾಮಲಾ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆ ಕೆಜಿಎಫ್‌ಗೆ ಬಂದಾಗ ಚೊಂಬಿನಲ್ಲಿ ಹಾಲು ತಂದಿದ್ದರು.

"ಮಗುಗೆ ಕೊಟ್ರಾ ಅತ್ತೆ?"

ಚಿಕ್ಕವೆಂಕಟಮ್ಮ ಕಂಬಳಿಯ ಅಂಚನ್ನು ಸುತ್ತಿದರು, ಬಿಚ್ಚಿದರು.

"ನೀನು ನೀರಿಗೋದಾಗ ಒಂದ್ ಗುಟುಕು. ನಿನ್ ಮಗ ಮೂಸಿ ನೋಡಿ ನನ್ ಸೀರೆ ಮೇಲೇ ಉಗುದ. ಸೀದಿರೋ ಆಲು ಕುಡ್ದು ಕುಡ್ದು ಅವನ್ಗೆ ಅದೇ ಆಲು ಅಂತ ಆಗೋಗದೆ."

ಉಗುಳಿದ್ದು ಎಷ್ಟು, ನುಂಗಿದ್ದು ಎಷ್ಟು ಎಂದು ಶ್ಯಾಮಲಾ ಎಷ್ಟು ಕೇಳಿದರೂ ಅತ್ತೆಗೆ ಸೀರೆ ತೊಳೆದದ್ದು ಮಾತ್ರ ನೆನಪಿತ್ತು.

ಅತ್ತೆ, ಮೊಮ್ಮಗ ಇಬ್ಬರ ರಕ್ತದ ವರದಿ ಬರುವವರೆಗೆ ಥರ್ಮಾಮೀಟರಿಗೆ ವಿಶ್ರಾಂತಿಯಿರಲಿಲ್ಲ. ಬಂದಾಗ ಅತ್ತೆಗೆ ಇತ್ತು, ಮಗುವಿಗೆ ಇರಲಿಲ್ಲ. ಇನ್ನೊಮ್ಮೆ ನೋಡೋಣವೆಂದು ಡಾಕ್ಟರು ಮತ್ತೆ ಮಾಡಿಸಿದರು, ಆಗಲೂ ಇರಲಿಲ್ಲ. ಶ್ಯಾಮಲಾ ಅಡುಗೆಮನೆಗೆ ಹೋಗಿ ತಳ ಹತ್ತಿದ ಪಾತ್ರೆಯ ಮುಂದೆ ಕೂತು ಅತ್ತಳು. ಚಿಕ್ಕವೆಂಕಟಮ್ಮ ವಾರಗಟ್ಟಲೆ ಮಾತ್ರೆ ನುಂಗಿದರು, ಪ್ರತಿ ಮಾತ್ರೆಗೂ ಆ ಡಾಕ್ಟರನ್ನು ಒಂದೊಂದು ಮಾತು ಬೈದು. ದನದ ಡಾಕ್ಟರು ಬಂದು ಪರೀಕ್ಷೆ ಮಾಡಿದ ಮೇಲೆ ಗೌರಿಯನ್ನು ಬೇರೆ ಚಪ್ಪರಕ್ಕೆ ಕಟ್ಟಿದರು. ಗೆಜ್ಜೆಸರ ಗೂಟದ ಮೇಲೆ ನೇತಾಡಿತು.

ಮೊನ್ನೆ ಮತ್ತೆ ಫೋನು ಬಂತು. ಈ ಸಲ ಅತ್ತೆ ಪರೀಕ್ಷೆಗೆ ಕೂತವರಂತೆ ನಿಧಾನವಾಗಿ ಹೇಳಿದರು.

"ಲಕ್ಸ್ಮಿ ಈದದೆ. ದಿನ ತುಂಬಿ ಈದದೆ. ಕರು ಬದ್ಕದೆ, ಕುಣೀತದೆ. ಬಣ್ಣ ಕಪ್ಪು."

"ಕಸ?" ಎಂದಳು ಶ್ಯಾಮಲಾ.

"ತಾನಾಗೇ ಬಿತ್ತು. ನೀನ್ ಕೊಟ್ಟಿದ್ ರಬ್ರು ಗ್ಲೌಸು ಆಕ್ಕಂಡೇ ಎತ್ತಿ, ಸುಣ್ಣ ಸುರ್ದು ಊತಿದ್ದೀನಿ."

ಶ್ಯಾಮಲಾ ಬಾಯಿ ತೆರೆದಳು, ಹಳೆಯದು ನೆನಪಾಗಿ ಮುಚ್ಚಿದಳು. ಆ ಕಡೆ ಗೆಜ್ಜೆಯ ಸದ್ದು ಕೇಳಿಸುತ್ತಿತ್ತು.

"ಯೋಳಮ್ಮ," ಎಂದರು ಅತ್ತೆ. "ಈಗ ಯೋಳ್ಬೌದು, ಸಂತೋಸ ಅಂತ."