ಹಲಗೆಗೆ ಬಾಯಿಲ್ಲ

ಜಮಖಂಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಬೌಲಿಂಗ್ ಲೇನ್ ಇತ್ತು. ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಮಳೆನೀರು ಸೋರಿ ಹಲಗೆಗಳು ಉಬ್ಬಿದ್ದವು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ದಾರಿಯನ್ನೇ ಎತ್ತಿ ತಂದು ಹಾಸಿದಂತಿತ್ತು.

ಅಲ್ಲಿಗೆ ದಿನಾ ಸಂಜೆ ಒಬ್ಬ ಆಟೋದವನು ಬರುತ್ತಿದ್ದ. ಪಿನ್ನು ನಿಲ್ಲಿಸುವುದೇ ಬೇಡ ಎಂದು ಮಾಲೀಕನಿಗೆ ಹೇಳಿ, ಖಾಕಿ ತೋಳು ಮಡಚಿ, ನಾಲ್ಕೇ ಹೆಜ್ಜೆ ಇಟ್ಟು ಚೆಂಡು ಬಿಡುತ್ತಿದ್ದ. ಬಿಟ್ಟ ಮೇಲೆ ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಕಿವಿಯ ಪಕ್ಕಕ್ಕೆ ಎದ್ದು ನಿಂತ ತನ್ನ ಕೈಯನ್ನೇ ನೋಡುತ್ತಿದ್ದ.

ನಾನೋ ಕಾಲೇಜು ಪ್ರಾಧ್ಯಾಪಕ. ವಿಡಿಯೋ ನೋಡಿ ಕಲಿತವನು, ಆಟಕ್ಕೆಂದೇ ಬೂಟು ಕೊಂಡವನು. ಚೆಂಡು ಬದಿಯ ಗಟಾರಕ್ಕೆ ಬಿದ್ದಾಗಲೆಲ್ಲ ಹಲಗೆಯ ದೋಷಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದ: “ಹಲಗಿಗೆ ಬಾಯಿಲ್ರಿ ಸರ್, ಅದಕ್ಕ ಎಲ್ಲಾರೂ ಅದನ್ನ ಬೈತಾರ. ಅದು ಚೆಂಡು ಕೆಡಸ್ತೈತಿ, ಕೈ ಕೆಡಸಂಗಿಲ್ಲ. ನೀವು ಕೈ ನೋಡ್ಕೋರಿ.”

ಆಟೋದವನಿಂದ ಪಾಠ ಹೇಳಿಸಿಕೊಳ್ಳುವಷ್ಟು ಕಡಿಮೆ ಓದಿದವನಲ್ಲ ನಾನು.

ಕೊನೆಗೆ ಮಾಲೀಕ ಹೊಸ ಹಲಗೆ ಹಾಕಿಸಿದ. ಕನ್ನಡಿಯಂಥ ಲೇನ್. ವಿದ್ಯಾವಂತನೆಂದು ಮೊದಲ ಮರ್ಯಾದೆ ನನಗೇ ಸಿಕ್ಕಿತು. ಮೂರು ಚೆಂಡು ಉರುಳಿಸಿದೆ, ಮೂರೂ ಗಟಾರ ಸೇರಿದವು. ಯಾರೂ ನಗಲಿಲ್ಲ. ನಾನು ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದೆ.

ಆಟೋದವನು ಮಾಲೀಕನನ್ನು ಬಹಳ ಕಾಳಜಿಯಿಂದ ಕೇಳಿದ: “ಹಳೇ ಹಲಗಿ ಒಗದೀರೇನ್ರಿ?”

“ಇಲ್ಲೋ, ಮಾಳಗಿ ಮ್ಯಾಲ ಅದಾವ. ಯಾಕ?”

“ಹಂಗೇ ಇರ್ಲಿ ಬಿಡ್ರಿ. ಸರ್‌ಗೆ ಬೇಕಾಗ್ತಾವ.”