ಸಂಡೂರಿನ ಹಳ್ಳದಲ್ಲಿ ಬೆಲ್ಲ

ನನ್ನ ಸಂಶೋಧನೆ ಏನು ಅಂತ ಕೇಳಿದವರಿಗೆಲ್ಲ ಚಹಾದ ಉದಾಹರಣೆ ಕೊಡುತ್ತಿದ್ದೆ. ಎಲೆ, ಹುಲ್ಲು, ಪಾಚಿ ಎಲ್ಲ ನೆನೆದು ಕೊಳೆತು ನೀರಿಗೆ ರಸ ಬಿಡುತ್ತವೆ. ಹೊಳೆಯೆಂದರೆ ತೀರಾ ತೆಳುವಾದ ಡಿಕಾಕ್ಷನ್. ಅದರಲ್ಲಿ ಕರಗಿರುವ ಅಣುಗಳು ಯಾವುವೆಂದು ಪತ್ತೆ ಮಾಡುವುದು ನನ್ನ ಕೆಲಸ. ಹೊಸಪೇಟೆಯ ನಮ್ಮ ಮನೆಯಲ್ಲಿ ಇದನ್ನು ಪೂರ್ತಿ ಕೇಳಿಸಿಕೊಂಡವರು ಅತ್ತೆ ಒಬ್ಬರೇ. ಕೇಳಿ, "ಸೋಸಿ ಕುಡದ್ರ ಆತಲ್ಲ, ಅದಕ್ಯಾಕ ಪಿಎಚ್‌ಡಿ?" ಅಂದಿದ್ದರು.

ಅಣುಗಳನ್ನು ಒಂದೊಂದಾಗಿ ತೂಗುವ ಯಂತ್ರ ನಮ್ಮ ಕಡೆ ಇಲ್ಲ. ದೂರದ ಊರಿನ ಪ್ರಯೋಗಾಲಯಕ್ಕೆ ಅರ್ಜಿ ಹಾಕಿ, ಕಾದೂ ಕಾದೂ, ನನಗೆ ಒಂದೇ ಒಂದು ದಿನ ಸಿಕ್ಕಿತ್ತು: ಮುಂದಿನ ಸೋಮವಾರ. ಅದು ತಪ್ಪಿದರೆ ಮತ್ತೆ ಸರದಿ ಬರುವಷ್ಟರಲ್ಲಿ ನನ್ನ ಪಿಎಚ್‌ಡಿ ಅವಧಿಯೇ ಮುಗಿದು, ಐದು ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಆ ವಾರ ನನ್ನ ತಲೆ ನೆಟ್ಟಗಿರಲಿಲ್ಲ.

ಕಂದು ಬಣ್ಣದ ನಾಲ್ಕು ಗಾಜಿನ ಬಾಟಲಿಗಳನ್ನು ಆಸಿಡ್‌ನಲ್ಲಿ ತೊಳೆದು, ಜಿಡ್ಡಿನ ಸುಳಿವೂ ಉಳಿಯದಂತೆ ಕಾಲೇಜಿನ ಕುಲುಮೆಯಲ್ಲಿ ಸುಟ್ಟು ತಂದು ಮನೆಯ ಅಲಮಾರಿನಲ್ಲಿ ಇಟ್ಟಿದ್ದೆ. ಒಳಗೆ ಬೆರಳು ತಾಗಿದರೂ ಫಲಿತಾಂಶ ಕೆಡುತ್ತದೆ. ಯಾರೂ ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ಹೇಳಿದ್ದೆ. ಹೇಳಿದ್ದೇನು ಬಂತು, ಒದರಿದ್ದೆ.

ಮಂಗಳವಾರ ಸಂಡೂರಿನ ಕಾಡಿನ ಹಳ್ಳ, ಹಂಪಿಯ ಹೊಳೆ, ಕಂಪ್ಲಿಯ ಕಾಲುವೆ, ಮೂರೂ ಕಡೆಯ ನೀರು ತಂದೆ. ನಾಲ್ಕನೆಯ ಬಾಟಲಿಗೆ ಕಾಲೇಜಿನ ಶುದ್ಧ ನೀರು ತುಂಬಿ ಜೊತೆಯಲ್ಲೇ ತಿರುಗಾಡಿಸಿದೆ. ಅದು ನಮ್ಮ ಪದ್ಧತಿ. ಏನೂ ಇಲ್ಲದ ನೀರಿನಲ್ಲಿ ಏನಾದರೂ ಕಂಡರೆ ತಪ್ಪು ನಮ್ಮದು, ಹೊಳೆಯದ್ದಲ್ಲ.

ಬುಧವಾರ ಕಾಲೇಜಿನಲ್ಲಿ ಕಾರ್ಬನ್ ಅಳೆದೆ; ನೀರಿನಲ್ಲಿ ಕರಗಿದ ರಸ ಒಟ್ಟು ಎಷ್ಟೆಂದು ಅದರಿಂದ ತಿಳಿಯುತ್ತದೆ. ಕಂಪ್ಲಿಯ ನೀರಿನಲ್ಲಿ ವಿಪರೀತ. ಕಬ್ಬಿನ ಊರು, ಇರಲಿ. ಹಂಪಿಯದರಲ್ಲೂ ವಿಪರೀತ. ಬಾಳೆತೋಟ, ಜನರ ಸ್ನಾನ, ಇರಲಿ. ಸಂಡೂರಿನದು ಇವೆರಡನ್ನೂ ಮೀರಿಸಿತ್ತು. ಗುಡ್ಡ, ಗಿಡ, ಅದಿರು ಬಿಟ್ಟರೆ ಏನೂ ಇಲ್ಲದ ಜಾಗ ಅದು! ನನ್ನ ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರು. "ಮಸ್ತ್ ಸಿಕ್ಕೈತಿ ಬಿಡ್ರಿ! ಯಾರೂ ಇದನ್ನ ನೋಡಿಲ್ಲ." ಕೆಂಪು ಮಣ್ಣಿನ ಕಬ್ಬಿಣವು ಎಲೆಯ ರಸವನ್ನು ಹಿಡಿದಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ ಎಂದು ನಾನು ಮಧ್ಯಾಹ್ನದೊಳಗೆ ಎರಡು ಪುಟ ಸಿದ್ಧಾಂತ ಬರೆದೆ. ಈಗ ಓದಿದರೂ ನಾಚಿಕೆಯಾಗುತ್ತದೆ, ಅಷ್ಟು ಚೆನ್ನಾಗಿದೆ.

ಕೊನೆಗೆ, ಕಾಟಾಚಾರಕ್ಕೆ, ಶುದ್ಧ ನೀರನ್ನು ಅಳೆದೆ. ಅದು ಸಂಡೂರನ್ನೂ ಮೀರಿಸಿತು.

ಬಾಟಲಿಯನ್ನು ಮೂಗಿಗೆ ಹಿಡಿದೆ. ಸಣ್ಣಗೆ, ಆದರೆ ಅನುಮಾನಕ್ಕೆ ಜಾಗವಿಲ್ಲದಂತೆ, ಬೆಲ್ಲದ ವಾಸನೆ.

ಮನೆಗೆ ಓಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅತ್ತೆ, ಬಾಟ್ಲಿಗೆ ಏನರ ಹಾಕೀರೇನ್ರಿ?"

"ಒಂದೀಟು ಬೆಲ್ಲ," ಅಂದರು, ತಲೆ ಎತ್ತದೆ. "ಬರಿ ಬಾಟ್ಲಿ ಹಿಡ್ಕೊಂಡು ಹೊಂಟಿದ್ದಿ. ಹಂಗ ಹೋದ್ರ ಕೆಲಸ ಆಗತೈತೇನು? ನಾಲ್ಕಕ್ಕೂ ಹಾಕೀನಿ, ಭೇದ ಮಾಡಿಲ್ಲ."

ಹೌದು, ನಮ್ಮ ಮನೆಯಲ್ಲಿ ಬರಿದಾದ ಪಾತ್ರೆ ಹೊಸ್ತಿಲು ದಾಟುವುದಿಲ್ಲ. ಪಕ್ಕದ ಮನೆಯವರ ಡಬ್ಬಿ ಹಿಂದಿರುಗಿಸುವಾಗಲೂ ಒಂದು ಚೂರು ಬೆಲ್ಲ ಇರಲೇಬೇಕು. ಅದು ನನಗೂ ಗೊತ್ತಿತ್ತು. ನನ್ನ ಬಾಟಲಿಯೂ ಪಾತ್ರೆಯೇ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಕಂದು ಗಾಜಿನ ಹೊರಗಿನಿಂದ ಕಂದು ಬೆಲ್ಲ ಎಲ್ಲಿ ಕಾಣಬೇಕು!

ಆಮೇಲೆ ನಾನು ಆಡಿದ್ದೆಲ್ಲ ಬರೆಯುವಂಥದ್ದಲ್ಲ. ಐದು ವರ್ಷ, ಸೋಮವಾರ, ನಿಮಗೇನು ತಿಳಿತೈತಿ, ಓದದವರ ಬುದ್ಧಿ. ಓದದವರು ಅನ್ನುವ ಆ ಕೊನೆಯ ಮಾತನ್ನೂ ಅಂದುಬಿಟ್ಟೆ. ಅತ್ತೆ ಅವರೆಕಾಯಿ ಎತ್ತಿಕೊಂಡು ಒಳಗೆ ಹೋದರು. ಆಗಲೇ ಹಿಂದೆ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ನನ್ನ ಸಿಟ್ಟು ಬಿಡಲಿಲ್ಲ.

ಗುರುವಾರ ಬಾಟಲಿಗಳನ್ನು ಮತ್ತೆ ಸುಟ್ಟು ತಂದೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. "ಬೆಲ್ಲ ಬ್ಯಾಡಂದ್ರ ಬ್ಯಾಡ. ಬರಿ ಬಾಟ್ಲಿ ಒಯ್ಯಾಕ ಮಾತ್ರ ಬಿಡಂಗಿಲ್ಲ. ನಾನೂ ಬರ್ತೀನಿ."

ವಾದ ಮಾಡಲು ಹೊತ್ತಿರಲಿಲ್ಲ. ಕಾಲೇಜಿನಿಂದ ತಂದಿದ್ದ ಶುದ್ಧ ನೀರನ್ನೇ ನಾಲ್ಕಕ್ಕೂ ತುಂಬಿದೆ. "ಹಾಂ, ನಡಿ ಈಗ," ಅಂದರು.

ಬಸ್ಸಿನಲ್ಲಿ ಬಾಟಲಿಗಳ ಚೀಲ ಅವರ ತೊಡೆಯ ಮೇಲೆ. ಕಂಡಕ್ಟರ್ ಬಗ್ಗಿ ನೋಡಿ, "ಏನ್ ಅಮ್ಮಾ, ಈ ವಯಸ್ಸಿನ್ಯಾಗ ಬಾಟ್ಲಿ?" ಅಂದ.

"ಪಿಎಚ್‌ಡಿ ನೀರದು. ಕೈ ಹಚ್ಚಬ್ಯಾಡ!"

ಸಂಡೂರಿನ ಹಳ್ಳದ ದಂಡೆಯಲ್ಲಿ ನಾನು ಶುದ್ಧ ನೀರು ಚೆಲ್ಲುತ್ತಿದ್ದರೆ ಅತ್ತೆ ಬೊಗಸೆಯೊಡ್ಡಿ ಒಂದು ಗುಟುಕು ಕುಡಿದರು. "ಥೂ, ಒಂಚೂರೂ ರುಚಿ ಇಲ್ಲ." ನಾನು ಜಾರುವ ಕಲ್ಲಿನ ಮೇಲೆ ಬಗ್ಗಿದಾಗ ಸೆರಗು ಸಿಕ್ಕಿಸಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಹಂಪಿಯಲ್ಲೂ ಕಂಪ್ಲಿಯಲ್ಲೂ ಹಾಗೆಯೇ. ಬೇಕಾದಷ್ಟೇ ಮಾತು. ತಪ್ಪಾಯಿತು ಅನ್ನುವುದು ನಾಲಿಗೆ ತುದಿಗೆ ಬಂದು ಬಂದು ವಾಪಸ್ ಹೋಗುತ್ತಿತ್ತು.

ಶನಿವಾರ ನೀರು ಸೋಸಿ, ಅದರಲ್ಲಿ ಕರಗಿದ ರಸವನ್ನಷ್ಟೇ ಹಿಡಿದಿಟ್ಟುಕೊಂಡು, ರೈಲು ಹತ್ತಿದೆ. ಸೋಮವಾರ ಯಂತ್ರದ ಮುಂದೆ ಕೂತೆ. ಶುದ್ಧ ನೀರು ಶುದ್ಧವಾಗಿಯೇ ಬಂತು. ಹೊಳೆಗಳೂ ಹೊಳೆಗಳಾಗಿಯೇ ಬಂದವು. ಸಂಡೂರಿನ ಹಳ್ಳ ಎಲ್ಲಕ್ಕಿಂತ ಸಪ್ಪೆ. ನನ್ನ ಎರಡು ಪುಟ ಸಿದ್ಧಾಂತ ಸತ್ತುಹೋಯಿತು, ಪಿಎಚ್‌ಡಿ ಉಳಿಯಿತು.

ಮನೆಗೆ ಬಂದು ಅತ್ತೆಯ ಮುಂದೆ ಲ್ಯಾಪ್‌ಟಾಪ್ ತೆರೆದೆ. ಪರದೆ ತುಂಬ ಗೆರೆಗಳು, ಒಂದೊಂದು ಗೆರೆಯೂ ಒಂದೊಂದು ಅಣು.

"ಎಷ್ಟು ಅದಾವ?"

"ಸಾವಿರಾರು ಅದಾವ್ರಿ," ಅಂದೆ, ಹೆಮ್ಮೆಯಿಂದ.

"ಎಲ್ಲಾದ್ರ ಹೆಸರು ಗೊತ್ತೈತೇನು?"

"ಇಲ್ರಿ. ಯಾವುದರಾಗ ಕಾರ್ಬನ್ ಎಷ್ಟು, ಹೈಡ್ರೋಜನ್ ಎಷ್ಟು, ಅಷ್ಟ ಗೊತ್ತಾಗತೈತಿ. ಭಾಳಷ್ಟು ಏನಂತ ಯಾರಿಗೂ ಗೊತ್ತಿಲ್ಲ."

"ಓದಿದವ್ರಿಗೂ?"

"ಓದಿದವ್ರಿಗೂ."

ಅತ್ತೆ ಪರದೆಯ ಕಡೆ ಬೆರಳು ಮಾಡಿದರು. "ಗೊತ್ತಿಲ್ಲದ್ದು ಸಾವಿರ ಅದಾವಂತ ಕುಣಿಯಾಕತ್ತಿ. ಗೊತ್ತಿದ್ದದ್ದು ಒಂದ ಒಂದು ನಾ ಹಾಕಿದ್ರ, ಮನಿ ಹಾರಿ ಹೋಗಂಗ ಒದರಿದಿ."

ನಗು ಬಂತು, ಕಣ್ಣೂ ತುಂಬಿತು.

"ತಪ್ಪಾತ್ರಿ ಅತ್ತೆ."

"ಇಷ್ಟು ಹೇಳಾಕ ಅಷ್ಟು ದೂರ ರೈಲಿನ್ಯಾಗ ಹೋಗಿಬಂದಿ ನೋಡು," ಅಂದರು ಅತ್ತೆ.