ತಾನ ಸೇವ್ ಆಗತೈತಿ

ನಮ್ಮ ಮನೆಯಲ್ಲಿ ಯಾರಿಗೂ ಡಿಗ್ರಿ ಆಗುವುದಿಲ್ಲ ಎಂದವನು ಹಾನಗಲ್ಲಿನ ನನ್ನ ಸೋದರಮಾವ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನಾನು ಶಿಗ್ಗಾವಿಯ ಕಾಲೇಜಿಗೆ ಬಿಸಿಎ ಸೇರುವಾಗ ತಡಸದ ನಮ್ಮ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳಿದ: "ಸೇರಿಸು, ಬ್ಯಾಡ ಅನ್ನಾಂಗಿಲ್ಲ. ಆದ್ರ ಅರ್ಧಕ್ಕ ವಾಪಸ್ ಬರ್ತಾಳ ನೋಡು. ನಾ ಪಿಯುಸಿಗೆ ಬಂದೆ, ಅಣ್ಣ ಹತ್ತನೇತ್ತಕ್ಕ ಬಂದ. ನಮ್ಮ ರಕ್ತದಾಗ ಇಲ್ಲ ಅದು."

"ನಿನಗ ತಲಿಗೆ ಹತ್ತಲಿಲ್ಲ ಅಂದ್ರ ರಕ್ತದ ಮ್ಯಾಲ ಯಾಕ ಹಾಕ್ತಿ?" ಎಂದಳು ಅವ್ವ.

ಅವ್ವ ಬಾಗಿಲಿಗೆ ಕೀಲಿ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತಾಳೆ. ಕಟ್ ಎಂಬ ಸದ್ದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಾನೂ ಅದೇ ಜಾತಿ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ಕರೆಂಟ್ ಹೋಗಿ ಬರೆದದ್ದೆಲ್ಲ ಮಾಯವಾಗುತ್ತಿತ್ತು. ಹಾಗಾಗಿ ಒಂದು ಸಾಲು ಬರೆದರೆ ಕೈ ತಾನೇ ಕಂಟ್ರೋಲ್ ಮತ್ತು ಎಸ್ ಕೀಗಳ ಮೇಲೆ ಹೋಗುತ್ತದೆ. ಕೋಡ್ ಬರೆಯುವ ಎಡಿಟರಿನಲ್ಲಿ ಇನ್ನೂ ಸೇವ್ ಆಗದ ಫೈಲಿನ ಹೆಸರಿನ ಪಕ್ಕ ಒಂದು ಚುಕ್ಕಿ ಬರುತ್ತದೆ. ಒತ್ತಿದರೆ ಹೋಗುತ್ತದೆ. ಆ ಚುಕ್ಕಿ ಹೋಗುವುದನ್ನು ಕಣ್ಣಾರೆ ನೋಡದಿದ್ದರೆ ನನಗೆ ಸಮಾಧಾನವಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನನಗೆ ಜೊತೆಯಾದವಳು ಸವಣೂರಿನ ಹುಡುಗಿ. ಮನೆಯವರದು ವೀಳ್ಯದೆಲೆ ವ್ಯಾಪಾರ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರುಗಳ ಬಸ್ಸಿನ ಸಮಯ ತೋರಿಸುವ ಪ್ರೋಗ್ರಾಂ ನಮ್ಮದು. ಅದು ಪರೀಕ್ಷಕರ ಮುಂದೆ ಓಡಿದರೆ ಡಿಗ್ರಿ, ಇಲ್ಲವಾದರೆ ಮಾವನ ಮಾತೇ ಗೆದ್ದಂತೆ. ಲ್ಯಾಪ್‌ಟಾಪ್ ಅವಳದು. ಅವಳು ಎಡಿಟರಿನಲ್ಲಿ ಆಟೊ ಸೇವ್ ಹಾಕಿಟ್ಟಿದ್ದಳು. ಚುಕ್ಕಿ ಬರುವ ಮೊದಲೇ ಹೋಗಿರುತ್ತಿತ್ತು.

"ತಾನ ಸೇವ್ ಆಗತೈತಿ. ಸುಮ್ಮನ ಕೈ ಯಾಕ ನೋಯಿಸ್ಕೋತಿ?"

"ಯಾವಾಗ ಆಗತೈತಿ?"

"ಆಗತೈತಿ ಅಂದ್ರ ಆಗತೈತಿ."

"ಏನ್ ಸೇವ್ ಮಾಡೇತಿ ಅಂತ ಯಾರ್ ನೋಡ್ಯಾರ?"

"ನೀ ಬಸ್ಸಿನ್ಯಾಗ ಟಿಕೆಟ್ ತಗೊಂಡ ಮ್ಯಾಲೂ ಸವಣೂರಿಗೆ ಹೋಗತೈತಿ ಹೌದಿಲ್ಲೋ ಅಂತ ಕೇಳಾಕಿ. ನಿನ್ನ ಕಟ್ಕೊಳ್ಳಾಂವನ ಗತಿ ಏನಲೇ."

ನಕ್ಕೆ. ಆದರೂ ಚುಕ್ಕಿಯಿಲ್ಲದ ಫೈಲಿಗೇ ಕಂಟ್ರೋಲ್ ಎಸ್ ಒತ್ತುತ್ತಿದ್ದೆ. ಕೇಳದೆಯೇ ಕೆಲಸ ಮಾಡಿಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಆಗಾಗ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಕೊಳ್ಳುತ್ತಿದ್ದೆ.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವಳ ಮನೆಯಲ್ಲಿ ಕೂತಿದ್ದೆವು. ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್ ಸರ್‌ಗೆ ಮೇಲ್ ಮಾಡಲೆಂದು ಇಡೀ ಕೋಡನ್ನು ಸೆಲೆಕ್ಟ್ ಮಾಡಿದ್ದೆ, ಪರದೆಯೆಲ್ಲ ನೀಲಿಯಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಚಾಕ್ಕೆ ಕರೆದರು. ಕುಡಿದು ಬಂದು ನೋಡಿದರೆ ನಮ್ಮ ಕೋಡ್ ಇಲ್ಲ. ಪರದೆಯ ತುಂಬ ಕೆ ಎಂಬ ಒಂದೇ ಇಂಗ್ಲಿಷ್ ಅಕ್ಷರ, ಸಾಲು ಸಾಲಾಗಿ. ಅವಳು ಗಾಬರಿಯಾಗಿ ಫೈಲನ್ನು ಮುಚ್ಚಿ ಮತ್ತೆ ತೆರೆದಳು. ಮತ್ತೆ ಅದೇ ಕೆ.

ಆಟೊ ಸೇವ್ ಇಲ್ಲದಿದ್ದರೆ ಮುಚ್ಚುವಾಗ ಎಡಿಟರ್ ಒಂದು ಮಾತು ಕೇಳುತ್ತಿತ್ತು, ಈ ಬದಲಾವಣೆ ಉಳಿಸಲೋ ಬೇಡವೋ ಎಂದು. ಬೇಡ ಎಂದಿದ್ದರೆ ಹಳೆಯದು ಹಾಗೆಯೇ ಸಿಗುತ್ತಿತ್ತು. ಇದು ಕೇಳಲಿಲ್ಲ. ನಾವು ಚಾ ಕುಡಿಯುವಷ್ಟರಲ್ಲಿ ಆ ಕೆ ಸಾಲುಗಳನ್ನೇ ಜೋಪಾನ ಮಾಡಿತ್ತು. ಮುಚ್ಚಿ ತೆರೆದದ್ದರಿಂದ ಅಂಡೂ ಒತ್ತಿ ಹಿಂದಕ್ಕೆ ಹೋಗುವ ದಾರಿಯೂ ಹೋಯಿತು.

"ಏಳೂವಾಗ ನೀನ ಏನೋ ಒತ್ತಿರ್ತಿ," ಎಂದೆ.

"ನಿನ್ನ ಕಣ್ಣ ಮುಂದ ಚಾ ಕುಡ್ಯಾಕತ್ತಿದ್ದೆ. ನಿನ್ನ ಆ ಪೆನ್‌ಡ್ರೈವ್ ಐತಲ್ಲ, ಎಲ್ಲೆಲ್ಲಿ ಚುಚ್ಚಿ ತಂದಿರ್ತಿಯೋ. ವೈರಸ್ ಅದು."

ಅವಳು ನನ್ನ ಕೈ ನೋಡುತ್ತಿದ್ದಳು, ನಾನು ಅವಳದನ್ನು. ಕೊನೆಗೆ ಕೀಬೋರ್ಡ್ ಮೇಲೆ ಬೆರಳಿಟ್ಟಾಗ ತಣ್ಣಗೆ ಒದ್ದೆ ತಾಗಿತು.

"ದಾದಿ, ಇಲ್ಲಿ ಏನರ ಇಟ್ಟಿದ್ರೇನು?" ಎಂದು ಅವಳು ಒಳಗೆ ಕೂಗಿದಳು.

ಅವಳ ಅಜ್ಜಿ ಬಾಗಿಲಿಗೆ ಬಂದರು. "ಎಲಿ ಇಟ್ಟಿದ್ದೆ ಬೇಟಿ, ಒಂದು ಕಟ್ಟು. ನೀರು ಚಿಮುಕಿಸಿದ್ದು. ಎಲಿ ನೆಲಕ್ಕ ಇಡಬಾರದಲ್ಲ. ಇದು ಸಪಾಟ ಇತ್ತು, ಸ್ವಚ್ಛ ಇತ್ತು. ಆಮ್ಯಾಲ ತಗೊಂಡೆ. ಯಾಕ, ಕಲಿ ಬಿತ್ತೇನು?"

ಕಲೆ ಬಿದ್ದಿಲ್ಲ ಎಂದೆವು. ಕಟ್ಟಿನ ಭಾರಕ್ಕೆ ಕೆ ಕೀ ಒತ್ತಿಕೊಂಡು, ಸೆಲೆಕ್ಟ್ ಆಗಿದ್ದ ಕೋಡೆಲ್ಲ ಅಳಿದು ಅದರ ಜಾಗಕ್ಕೆ ಆ ಅಕ್ಷರವೇ ಬಂದಿತ್ತು. ಆ ಮನೆಯಲ್ಲಿ ಎಲೆಯನ್ನು ನೆಲಕ್ಕೆ ಇಡುವುದಿಲ್ಲ, ಅವರ ತಪ್ಪೇನೂ ಇರಲಿಲ್ಲ.

ವೈರಸ್ ಎನಿಸಿಕೊಂಡ ಪೆನ್‌ಡ್ರೈವಿನಲ್ಲಿ ಹಳೆಯ ಪ್ರತಿ ಸಿಕ್ಕಿತು. ಅದರಲ್ಲಿ ಹಿರೇಕೆರೂರಿನ ಬಸ್ಸುಗಳ ಭಾಗವೇ ಇರಲಿಲ್ಲ, ಅದನ್ನು ಬರೆದದ್ದು ಆಮೇಲೆ. ಮತ್ತೆ ಬರೆಯಲು ಕೂತೆವು. ನಾನು ಏನೂ ಹೇಳುವ ಮೊದಲೇ ಅವಳು ಆಟೊ ಸೇವ್ ತೆಗೆದಳು. ಪ್ರತಿ ಸಾಲಿಗೂ ಕೀಲಿಮಣೆ ಒಡೆಯುವಂತೆ ಒತ್ತುತ್ತಿದ್ದಳು.

"ತಗೋ, ಒತ್ತಿದೆ. ಚುಕ್ಕಿ ಹೋತು. ಇನ್ನೊಮ್ಮೆ ಒತ್ತಲೇನು, ನಿನ್ನ ಜೀವಕ್ಕ ಸಮಾಧಾನ ಆಗಲಿ?"

"ಒತ್ತು," ಎಂದೆ.

ಪರೀಕ್ಷಕರು ಉಳಿದ ಮೂರೂ ಊರು ಬಿಟ್ಟು ಹಿರೇಕೆರೂರನ್ನೇ ಕೇಳಿದರು. ಬಸ್ಸುಗಳು ಒಂದರ ಕೆಳಗೊಂದು ಬಂದವು. ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಆಟೊ ಸೇವ್ ಬಹಳ ಜನಕ್ಕೆ ಅನುಕೂಲವೇ ಇರಬಹುದು. ನನ್ನ ಎಡಿಟರಿನಲ್ಲಿ ಅದು ಇಂದಿಗೂ ಇಲ್ಲ. ನಮ್ಮ ಮನೆಯಲ್ಲಿ ತಾನಾಗಿಯೇ ಆದದ್ದು ಯಾವುದೂ ಇಲ್ಲ. ಬಸ್ ಪಾಸಿಗೆ ನಿಂತಿದ್ದೇವೆ, ಸ್ಕಾಲರ್‌ಶಿಪ್ಪಿಗೆ ನಿಂತಿದ್ದೇವೆ, ಸಹಿ ಬಿದ್ದಿತೇ ಎಂದು ಇಣುಕಿ ನೋಡಿದ್ದೇವೆ. ಒತ್ತಿದ್ದಕ್ಕೆ ಆಯಿತು.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದ ದಿನ ಮಾವ ತಡಸಕ್ಕೆ ಬಂದಿದ್ದ. ತಾನೇ ಬೈಕಿನಲ್ಲಿ ಶಿಗ್ಗಾವಿಗೆ ಕರೆದೊಯ್ದ. ಕ್ಲರ್ಕ್ ಸಹಿ ಮಾಡಿಸಿಕೊಂಡು ಕೊಟ್ಟರು. ಹೆಸರಿನ ಅಕ್ಷರ ಸರಿಯಿದೆಯೇ ಎಂದು ಅಲ್ಲಿಯೇ ನಿಂತು ನೋಡಿ, ಹೊರಗೆ ಬಂದು ಮಾವನ ಕೈಗೆ ಕೊಟ್ಟೆ. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದ. ಓದಿದ. ಹಿಂದೆ ತಿರುಗಿಸಿ ನೋಡಿದ. ಬಿಸಿಲಿಗೆ ಹಿಡಿದು ಮುದ್ರೆಯನ್ನೂ ನೋಡಿದ.

"ಲ್ಯಾಮಿನೇಶನ್ ಮಾಡಿಸಬ್ಯಾಡ," ಎಂದ. "ನಾಳೆ ನೌಕರಿಗೆ ಹೋದಲ್ಲೆ ಒರಿಜಿನಲ್ ಅಲ್ಲ ಅಂತ ತಕರಾರು ತೆಗೀತಾರ."